ಕೋನ್ ಫಿಲ್ಟರ್, ಹತ್ತಿ ಫಿಲ್ಟರ್, ಕಂಪನಿ ಡಬ್ಬ: ಎಂಜಿನ್‌ಗೆ ಗಾಳಿ ಯಾವುದರಲ್ಲಿ ಸಲೀಸು?

ಪೆಟ್ರೋಲ್ ಕಾರಿನ ಪಿಕಪ್ ಸಾಲದು ಎಂದುಕೊಂಡು ಆಕ್ಸೆಸರಿ ಅಂಗಡಿಗೆ ಹೋದವರಿಗೆ ಸಿಗುವ ಮೊದಲ ಸಲಹೆ ಏರ್ ಫಿಲ್ಟರ್ ಬದಲಿಸಿ ಎನ್ನುವುದು. ಕಂಪನಿ ಕೊಟ್ಟ ಕಾಗದದ ಫಿಲ್ಟರ್ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ, ಅದನ್ನು ತೆಗೆದರೆ ಐದಾರು ಅಶ್ವಶಕ್ತಿ ಹೆಚ್ಚುತ್ತದೆ ಎನ್ನುತ್ತಾರೆ. ನನ್ನದು ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು) ಇಲ್ಲದ, 1.2 ಲೀಟರಿನ, ನಾಲ್ಕು ಸಿಲಿಂಡರಿನ ಹ್ಯಾಚ್‌ಬ್ಯಾಕ್. ಮಾರುಕಟ್ಟೆಯಲ್ಲಿ ಸಿಗುವ ಪರ್ಯಾಯಗಳನ್ನು ಒಂದಾದ ಮೇಲೊಂದರಂತೆ ಅದೇ ಕಾರಿಗೆ ಹಾಕಿ ಅಳೆದೆ. ಅಳತೆ ಹೇಳಿದ್ದು ಇಷ್ಟು: ಗಾಳಿಗೆ ದೊಡ್ಡ ಅಡ್ಡಿ ಫಿಲ್ಟರ್ ಅಲ್ಲ. ಅದಕ್ಕೂ ಮೊದಲು ಬರುವ ಮೂತಿ, ಮತ್ತು ಆ ಮೂತಿ ಎಲ್ಲಿಂದ ಗಾಳಿ ಎಳೆಯುತ್ತದೆ ಎನ್ನುವುದು.

ಅಳೆದ ಬಗೆಯನ್ನು ಮೊದಲು ಹೇಳಬೇಕು. 'ಓಡಿಸಿದಾಗ ಹಗುರ ಎನಿಸಿತು' ಎಂಬ ಮಾತಿಗೆ ಈ ವಿಷಯದಲ್ಲಿ ಬೆಲೆಯಿಲ್ಲ. ಸದ್ದು ಹೆಚ್ಚಿದರೆ ಯಾರಿಗಾದರೂ ವೇಗ ಹೆಚ್ಚಿದಂತೆಯೇ ಅನಿಸುತ್ತದೆ. ಕಾರಿನ ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್‌ಗಳು ದೋಷ ಪತ್ತೆಗೆ ಬಳಸುವ ಕಿಂಡಿ) ಚುಚ್ಚುವ ಬ್ಲೂಟೂತ್ ರೀಡರ್ ಒಳಬರುವ ಗಾಳಿಯ ಉಷ್ಣತೆಯನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಒತ್ತಡವನ್ನು ಅದು ಪೂರ್ಣ ಕಿಲೋಪ್ಯಾಸ್ಕಲ್‌ಗಳಲ್ಲಿ ಮಾತ್ರ ಹೇಳುತ್ತದೆ. ಫಿಲ್ಟರ್ ಫಿಲ್ಟರುಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಸಣ್ಣದು. ಹಾಗಾಗಿ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ತಂದು, ಹಲಗೆಯೊಂದರ ಮೇಲೆ ಇಂಗ್ಲಿಷಿನ ಯು ಆಕಾರಕ್ಕೆ ಬಗ್ಗಿಸಿ ಕಟ್ಟಿ, ಕುಂಕುಮ ಕದಡಿದ ನೀರು ತುಂಬಿದೆ. ಒಂದು ತುದಿ ಕಾರಿನೊಳಗೆ ತೆರೆದಿರುತ್ತದೆ, ಇನ್ನೊಂದು ಬಾನೆಟ್ಟಿನೊಳಗೆ ಹೋಗಿ ಏರ್ ಬಾಕ್ಸಿಗೆ, ಅಂದರೆ ಫಿಲ್ಟರ್ ಕೂರುವ ಡಬ್ಬಕ್ಕೆ, ಸೇರುತ್ತದೆ. ಎಂಜಿನ್ ಎಳೆದಷ್ಟೂ ಒಂದು ಕಡೆಯ ನೀರು ಮೇಲೇರುತ್ತದೆ. ಎರಡು ಕಡೆಯ ನೀರಿನ ಮಟ್ಟಗಳ ನಡುವೆ ಹತ್ತು ಸೆಂಟಿಮೀಟರ್ ಅಂತರ ಬಂದರೆ ಹೆಚ್ಚುಕಡಿಮೆ ಒಂದು ಕಿಲೋಪ್ಯಾಸ್ಕಲ್. ಯು ಆಕಾರದ ಎರಡು ಕಾಲುಗಳು ಕಾರಿನ ಅಡ್ಡಕ್ಕೆ ಅಕ್ಕಪಕ್ಕ ಇರಬೇಕು. ಹಿಂದೆ ಮುಂದೆ ಇದ್ದರೆ ಕಾರು ಮುನ್ನುಗ್ಗುವಾಗ ನೀರು ಹಿಂದಕ್ಕೆ ವಾಲಿ ಅಳತೆ ಕೆಡುತ್ತದೆ. ಸಿಲಿಂಡರುಗಳ ಮಿಡಿತಕ್ಕೆ ನೀರು ಕುಣಿಯದಂತೆ ಅಕ್ವೇರಿಯಂ ಪೈಪಿಗೆ ಹಾಕುವ ಪುಟ್ಟ ವಾಲ್ವ್ ಒಂದನ್ನು ನಡುವೆ ಸೇರಿಸಿ ಅರ್ಧ ಮುಚ್ಚಿದೆ. ಪಕ್ಕದ ಸೀಟಿನಲ್ಲಿ ಕುಳಿತ ಗೆಳೆಯ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ನಸುಕಿನಲ್ಲಿ, ಹಾಸನದ ಹೊರಗಿನ ನಿರ್ಜನವಾದ ಒಂದೇ ನೇರ ರಸ್ತೆಯಲ್ಲಿ, ಎರಡನೇ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ 6000 ಆರ್‌ಪಿಎಂವರೆಗೆ ಎಳೆದು ನೋಡುವುದು ಕ್ರಮವಾಗಿತ್ತು. ಆ ವೇಗದಲ್ಲಿ ಇಂಥ ಎಂಜಿನ್ ನಿಮಿಷಕ್ಕೆ ಸುಮಾರು 3000 ಲೀಟರ್ ಗಾಳಿ ಕುಡಿಯುತ್ತದೆ. ಗುಜರಿಯಲ್ಲಿ ಸಿಕ್ಕ ಇನ್ನೊಂದು ಏರ್ ಬಾಕ್ಸಿಗೆ ತೂತು ಕೊರೆದುಕೊಂಡಿದ್ದರಿಂದ ಕಾರಿನ ಮೂಲ ಡಬ್ಬಕ್ಕೆ ಏನೂ ಆಗಲಿಲ್ಲ.

ಮೊದಲು ಕಂಪನಿ ಡಬ್ಬ, ಹೊಸ ಕಾಗದದ ಫಿಲ್ಟರ್. ಥ್ರಾಟಲ್ ಬಾಡಿಯ (ಆಕ್ಸಿಲರೇಟರಿಗೆ ತಕ್ಕಂತೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಹತ್ತಿರ ಒಟ್ಟು 24 ಸೆಂಟಿಮೀಟರ್ ಅಂತರ ಬಂತು. ಅಂದರೆ 2.4 ಕಿಲೋಪ್ಯಾಸ್ಕಲ್. ಹಾಸನದ ಎತ್ತರದಲ್ಲಿ ವಾತಾವರಣದ ಒತ್ತಡವೇ 90 ಕಿಲೋಪ್ಯಾಸ್ಕಲ್ ಆಸುಪಾಸು ಇರುವುದರಿಂದ ಇಡೀ ದಾರಿಯಲ್ಲಿ ಕಳೆದುಹೋಗುವುದು ಶೇ 3ಕ್ಕೂ ಕಡಿಮೆ. ಬೇರೆ ಬೇರೆ ಜಾಗದಲ್ಲಿ ಅಳೆದಾಗ ಈ 24ರ ಲೆಕ್ಕ ಹೀಗೆ ಬಿಡಿಸಿಕೊಂಡಿತು: ಹೊರಗಿನಿಂದ ಡಬ್ಬಕ್ಕೆ ಗಾಳಿ ತರುವ ಸ್ನಾರ್ಕೆಲ್ ಮೂತಿಯಲ್ಲಿ 11, ಫಿಲ್ಟರಿನಲ್ಲಿ 6, ಡಬ್ಬದಿಂದ ಥ್ರಾಟಲ್‌ವರೆಗಿನ ಸುಕ್ಕುಸುಕ್ಕು ರಬ್ಬರ್ ಪೈಪಿನಲ್ಲಿ 7. ಎಲ್ಲರೂ ದುಡ್ಡು ಕೊಟ್ಟು ಬದಲಿಸುವ ಭಾಗದ ಪಾಲೇ ಇಲ್ಲಿ ಎಲ್ಲಕ್ಕಿಂತ ಸಣ್ಣದು. ಫಿಲ್ಟರನ್ನು ಪೂರ್ತಿ ಕಿತ್ತೆಸೆದು ಓಡಿಸಿದರೂ (ಓಡಿಸಬಾರದು) ಸಿಗುವ ಲಾಭ ಶೇ 1ನ್ನು ಮುಟ್ಟುವುದಿಲ್ಲ. ಎಂಬತ್ತು ಚಿಲ್ಲರೆ ಅಶ್ವಶಕ್ತಿಯ ಕಾರಿನಲ್ಲಿ ಅದು ಅರ್ಧ ಅಶ್ವಶಕ್ತಿಯ ಮಾತು. ಐದಾರು ಎಲ್ಲಿಂದ ಬರಬೇಕು?

ದೂಳು ತುಂಬಿದ ಹಳೆಯ ಕಾಗದದ ಫಿಲ್ಟರನ್ನೂ ಅದೇ ಡಬ್ಬಕ್ಕೆ ಹಾಕಿದೆ. ಹೆದ್ದಾರಿ ಕಾಮಗಾರಿಯ ಕೆಮ್ಮಣ್ಣು ಮಡಿಕೆ ಮಡಿಕೆಯಲ್ಲಿ ಕೂತಿತ್ತು. ಫಿಲ್ಟರ್ ಒಂದರಲ್ಲೇ 15 ಸೆಂಟಿಮೀಟರ್. ಅಂದರೆ ಹೊಸ ಕಾಗದಕ್ಕೂ ಹಳೆಯ ಕಾಗದಕ್ಕೂ ಇರುವ ಅಂತರ 9. ಈ ಅಂಕಿಯನ್ನು ಮುಂದೆ ದುಬಾರಿ ಫಿಲ್ಟರಿನ ಜೊತೆ ಹೋಲಿಸಬೇಕು. ಮೈಲೇಜಿನ ಬಗ್ಗೆ ಒಂದು ಮಾತು: ಕಟ್ಟಿದ ಫಿಲ್ಟರ್ ಪೆಟ್ರೋಲ್ ಕುಡಿಯುತ್ತದೆ ಎನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿತು. ಬಹುಮಟ್ಟಿಗೆ ಕಟ್ಟಿಸಿದ ಫಿಲ್ಟರ್ ಇದ್ದಾಗಲೂ ಇಂಜೆಕ್ಷನ್ ಕಾರುಗಳ ಮೈಲೇಜ್ ಗಮನಾರ್ಹವಾಗಿ ಇಳಿಯಲಿಲ್ಲ. ಒಳಬಂದ ಗಾಳಿಗೆ ತಕ್ಕಷ್ಟೇ ಇಂಧನವನ್ನು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಬಿಡುವುದರಿಂದ ಹಾಗಾಗುತ್ತದೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಿನ ಪಿಕಪ್ ಶೇ 6ರಿಂದ 11ರಷ್ಟು ಕುಂದಿತ್ತು. ಘಾಟಿಯಲ್ಲಿ ಲಾರಿ ದಾಟುವಾಗ ಬೇಕಾಗುವುದು ಅದೇ.

ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಎರಡನೆಯದು. ಈ ಬಗೆಗೆ ಹೆಸರು ತಂದುಕೊಟ್ಟದ್ದು 1969ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಹುಟ್ಟಿದ ಕೆ ಅಂಡ್ ಎನ್. ಇಟಲಿಯ ಬಿಎಂಸಿಯೂ ಇದೇ ಬಗೆಯದನ್ನು ಮಾಡುತ್ತದೆ. ಕಂಪನಿ ಡಬ್ಬದಲ್ಲೇ, ಕಾಗದದ್ದರ ಜಾಗದಲ್ಲಿ ಕೂರುತ್ತದೆ, ಬೇರೇನೂ ಬದಲಿಸಬೇಕಿಲ್ಲ. ಕಾಗದದ್ದು ಐನೂರು ರೂಪಾಯಿಯೊಳಗೆ ಬಂದರೆ ಇದಕ್ಕೆ ಹತ್ತು ಪಟ್ಟು ಕೊಡಬೇಕು. ಅಳೆದಾಗ 6 ಇದ್ದದ್ದು 4ಕ್ಕೆ ಇಳಿಯಿತು. ಎರಡು ಸೆಂಟಿಮೀಟರ್! ಹಳೆಯ ಕಾಗದ ಎಸೆದು ಹೊಸ ಕಾಗದ ಹಾಕಿದರೆ ಒಂಬತ್ತು ಸಿಗುತ್ತದೆ. ಇದರ ನಿಜವಾದ ಗುಣ ಬೇರೆ: ತೊಳೆದು ಮತ್ತೆ ಬಳಸಬಹುದು, ವರ್ಷಗಟ್ಟಲೆ ಬಾಳುತ್ತದೆ. ಆದರೆ ತೊಳೆಯುವುದು ತಾಳ್ಮೆಯ ಕೆಲಸ. ನೆರಳಿನಲ್ಲಿ ತಾನಾಗಿ ಒಣಗಬೇಕು. ಮಲೆನಾಡಿನ ಅಂಚಿನ ಜುಲೈ ತಿಂಗಳಲ್ಲಿ ಅದು ಒಣಗುವುದೇ ಇಲ್ಲ. ಆಮೇಲೆ ಎಣ್ಣೆಯನ್ನು ಹದವಾಗಿ ಸವರಬೇಕು. ಕಡಿಮೆಯಾದರೆ ದೂಳು ನುಗ್ಗುತ್ತದೆ. ಹೆಚ್ಚಾದರೆ, ಗಾಳಿ ಅಳೆಯುವ ಬಿಸಿ ತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಎಣ್ಣೆಯ ಪಸೆ ಆ ತಂತಿಗೆ ಅಂಟುತ್ತದೆ. ಯಾವ ಫಿಲ್ಟರನ್ನೇ ಕೊಳ್ಳುವುದಾದರೂ ಐಎಸ್‌ಒ 5011 ಪರೀಕ್ಷೆಯಲ್ಲಿ ಅದು ಎಷ್ಟು ದೂಳು ಹಿಡಿದಿದೆ ಎಂದು ಕೇಳಿ. ಅಂಗಡಿಯವರು ಗಾಳಿಯ ಹರಿವನ್ನಷ್ಟೇ ಹೇಳುತ್ತಾರೆ.

ಕೋನ್ ಫಿಲ್ಟರಿಗೆ ಬರುತ್ತೇನೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಕಂಪನಿ ಡಬ್ಬ, ಮೂತಿ, ಸುಕ್ಕು ಪೈಪ್ ಎಲ್ಲ ತೆಗೆದು, ಥ್ರಾಟಲ್ಲಿನಿಂದ ಒಂದು ಗಿಡ್ಡ ನಯವಾದ ಪೈಪ್, ಅದರ ತುದಿಗೆ ಬಾನೆಟ್ಟಿನೊಳಗೇ ತೆರೆದಿಟ್ಟ ಕೋನ್. ನೀರಿನ ಪೈಪಿನ ಪ್ರಕಾರ ಗೆದ್ದದ್ದು ಇದೇ: ಒಟ್ಟು ಬರೀ 8 ಸೆಂಟಿಮೀಟರ್, ಕಂಪನಿ ಡಬ್ಬಕ್ಕಿಂತ 16 ಕಡಿಮೆ. ಶೇ 1.8ರ ಹತ್ತಿರ ಲಾಭ. ಸದ್ದೂ ನಿಜಕ್ಕೂ ಚೆಂದ. ಶಿರಾಡಿಯ ತಿರುವುಗಳಲ್ಲಿ ಗೇರ್ ಇಳಿಸಿ ಒತ್ತಿದಾಗ ಎಂಜಿನ್ ಗಾಳಿ ಹೀರುವ ಆ ಗಂಭೀರ ಮೊರೆತ ಪಕ್ಕದ ಬಂಡೆಗೆ ಬಡಿದು ಮರಳಿ ಕೇಳುತ್ತದೆ. ಅದಕ್ಕಾಗಿಯೇ ಹಾಕಿಸಿಕೊಳ್ಳುತ್ತೇನೆ ಎನ್ನುವವರ ಜೊತೆ ನನ್ನ ಜಗಳವಿಲ್ಲ.

ಆದರೆ ಒಬಿಡಿ ರೀಡರಿನ ಉಷ್ಣತೆ ನೋಡಿ. ಕಂಪನಿ ಡಬ್ಬದಲ್ಲಿ ಹೆದ್ದಾರಿ ಓಟಕ್ಕೆ ಒಳಬರುವ ಗಾಳಿ ಹೊರಗಿನದಕ್ಕಿಂತ 6 ಡಿಗ್ರಿ ಬಿಸಿ ಇರುತ್ತಿತ್ತು. ಕೋನ್ ಹಾಕಿದಾಗ 13 ಡಿಗ್ರಿ. ಈ 7 ಡಿಗ್ರಿಯ ವ್ಯತ್ಯಾಸಕ್ಕೇ ಗಾಳಿ ಶೇ 2ಕ್ಕಿಂತ ಹೆಚ್ಚು ತೆಳುವಾಗುತ್ತದೆ. ಒತ್ತಡದಲ್ಲಿ ಗಳಿಸಿದ್ದು ಬಿಸಿಯಲ್ಲಿ ಹೋಯಿತು, ಅದೂ ಎದುರುಗಾಳಿ ಚೆನ್ನಾಗಿ ಬೀಸುವ ಹೆದ್ದಾರಿಯಲ್ಲಿ. ಟೋಲ್ ಸಾಲಿನಲ್ಲಿ ನಿಂತಾಗ ಹೊರಗೆ 35 ಡಿಗ್ರಿ ಇದ್ದರೆ ಒಳಗೆ 60 ದಾಟುತ್ತಿತ್ತು. 35ರಿಂದ 60ಕ್ಕೆ ಏರಿದ ಗಾಳಿಯಲ್ಲಿ ಆಮ್ಲಜನಕ ಶೇ 7ಕ್ಕೂ ಹೆಚ್ಚು ಕಡಿಮೆ. ಅದು ಸಾಲದೆಂಬಂತೆ, ಗಾಳಿ ಬಿಸಿಯಾದಷ್ಟೂ ಎಂಜಿನ್ ನಾಕ್ ಮಾಡುವ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ) ಭಯವಿರುವುದರಿಂದ ಇಸಿಯು ಕಿಡಿಯ ಸಮಯವನ್ನು ಹಿಂದಕ್ಕೆ ಸರಿಸಿ ಇನ್ನಷ್ಟು ಶಕ್ತಿ ಕುಗ್ಗಿಸುತ್ತದೆ. ಟೋಲ್ ದಾಟಿ ಒತ್ತಿದಾಗ ಕಾರು ಮಂಕಾಗಿ ಏಳುತ್ತಿತ್ತು, ಸದ್ದು ಮಾತ್ರ ಜೋರಾಗಿ.

ಬೇಸರ ತರಿಸಿದ್ದು ದೂಳು. ಕೋನ್ ತೆಗೆಯುವ ದಿನ ಅದರ ಹಿಂದಿನ ಪೈಪಿನೊಳಗೆ ಬೆರಳಿಗೆ ಬಿಳಿ ಪಂಚೆಯ ತುಂಡು ಸುತ್ತಿ ಒರೆಸಿದೆ. ಬಟ್ಟೆಯ ಮೇಲೆ ನವಿರಾದ ಕೆಂಪು ಗೆರೆ ಮೂಡಿತು. ಕಾಗದದ ಫಿಲ್ಟರಿನ ಹಿಂದೆ ಹಾಗೆಯೇ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿದಿತ್ತು. ಆ ಕೆಂಪು ದೂಳಿನಲ್ಲಿರುವ ಮರಳಿನ ಕಣ ಉಕ್ಕಿಗಿಂತ ಗಡಸು. ಅದು ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಸಿಕ್ಕಿಕೊಂಡು ಉಜ್ಜುತ್ತದೆ. ಎಲ್ಲ ಕೋನ್ ಫಿಲ್ಟರುಗಳೂ ಹೀಗೆಯೇ ಎನ್ನಲಾರೆ, ನನ್ನದು ಅಗ್ಗದ ಯೂನಿವರ್ಸಲ್ ಮಾಲು. ಹೊಸಪೇಟೆ, ಸಂಡೂರಿನ ಅದಿರು ಲಾರಿಗಳ ರಸ್ತೆಯಲ್ಲಿ ದಿನವೂ ಓಡಾಡುವವರು ಮಾತ್ರ ಇಂಥದ್ದನ್ನು ದಯವಿಟ್ಟು ಹಾಕಿಸಬೇಡಿ.

ಕೋಲ್ಡ್ ಏರ್ ಇನ್‌ಟೇಕ್ ಎಂದು ಮಾರುವುದು ಕೋನ್ ಅನ್ನು ಉದ್ದ ಪೈಪಿನಲ್ಲಿ ಬಂಪರಿನ ಕೆಳಮೂಲೆಗೆ ಇಳಿಸಿದ ವ್ಯವಸ್ಥೆ. ಉಷ್ಣತೆಯಲ್ಲಿ ಇದು ಉಳಿದೆಲ್ಲವನ್ನೂ ಸೋಲಿಸಿತು. ಹೆದ್ದಾರಿಯಲ್ಲಿ ಹೊರಗಿನ ಗಾಳಿಗಿಂತ 3 ಡಿಗ್ರಿ ಮಾತ್ರ ಹೆಚ್ಚು. ಬೇಸಿಗೆಯಲ್ಲಿ ಇಟ್ಟುಕೊಂಡು ಮುಂಗಾರಿಗೆ ಮುಂಚೆ ತೆಗೆದೆ. ಬೆಂಗಳೂರಿನ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತರೆ ಆ ಕೋನ್ ಪೂರ್ತಿ ಮುಳುಗುತ್ತದೆ. ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗುವುದಿಲ್ಲ. ಒಂದೇ ಸುತ್ತಿಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ನಮ್ಮದೇ.

ಕೊನೆಗೆ ಉಳಿದದ್ದು ಆ 11 ಸೆಂಟಿಮೀಟರಿನ ಮೂತಿ. ಡಬ್ಬವನ್ನೂ ಕಾಗದವನ್ನೂ ಹಾಗೆಯೇ ಬಿಟ್ಟು ಇದೊಂದರ ಮೇಲೆ ಕೆಲಸ ಮಾಡಿದೆ. ನನ್ನ ಕಾರಿನ ಮೂತಿ ಚಪ್ಪಟೆಯಾಗಿತ್ತು, ಅಂಚು ಕತ್ತರಿಸಿಟ್ಟಂತೆ ಚೂಪು. ಅಂಥ ಅಂಚಿನಲ್ಲಿ ಗಾಳಿ ತಿರುಗುವಾಗ ಗೋಡೆ ಬಿಟ್ಟು ನಡುವೆ ಒತ್ತಿಕೊಂಡು ಹರಿಯುತ್ತದೆ. ಪೈಪ್ ಅಗಲವಿದ್ದರೂ ಗಾಳಿಯ ಪಾಲಿಗೆ ಅದು ಕಿರಿದು. ಮುಂದಕ್ಕೆ ಚಾಚಿದ ಚೂಪು ಬಾಯಿಯ ಪೈಪಿಗೆ ಪ್ರವೇಶ ನಷ್ಟದ ಗುಣಾಂಕ (ಬಾಯಿಯಲ್ಲೇ ಎಷ್ಟು ಒತ್ತಡ ಕಳೆಯುತ್ತದೆ ಎನ್ನುವ ಅಳತೆ) 0.8ರ ಸುತ್ತ ಇದ್ದರೆ, ಚೆನ್ನಾಗಿ ದುಂಡಗೆ ಮಾಡಿದ ಬಾಯಿಗೆ 0.05ರ ಹತ್ತಿರ ಎಂದು ದ್ರವಬಲ ವಿಜ್ಞಾನದ ಪಠ್ಯಗಳು ಹೇಳುತ್ತವೆ. ಪ್ಲಂಬರ್ ಒಬ್ಬರ ಕೈಯಲ್ಲಿ ಪಿವಿಸಿ ಪೈಪಿನ ತುಂಡಿನ ಬಾಯಿಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿಸಿ, ಸ್ಟೀಲ್ ಚೊಂಬಿನ ಬುಡದ ಮೇಲೆ ಒತ್ತಿ ಅರಳಿಸಿಕೊಂಡೆ. ಅದನ್ನು ಗ್ರಿಲ್ ಹಿಂದೆ, ರೇಡಿಯೇಟರಿಗಿಂತ ಮುಂದೆ, ಮೂಲ ಮೂತಿ ಇದ್ದಷ್ಟೇ ಎತ್ತರದಲ್ಲಿ ಕೂರಿಸಿ, ರೇಡಿಯೇಟರಿನ ಬಿಸಿ ಸುತ್ತಿ ಬಾರದಂತೆ ಸುತ್ತಲೂ ಫೋಮ್ ಪಟ್ಟಿ ಹಾಕಿದೆ. ಖರ್ಚು ಕೆಲವು ನೂರು ರೂಪಾಯಿ. ಮೂತಿಯ ನಷ್ಟ 11ರಿಂದ 6ಕ್ಕೆ ಇಳಿಯಿತು. ಹತ್ತಿ ಫಿಲ್ಟರ್ ಕೊಟ್ಟದ್ದಕ್ಕಿಂತ ಎರಡೂವರೆ ಪಟ್ಟು. ನಗರದ ನಿಧಾನ ಓಟದಲ್ಲಿ ಉಷ್ಣತೆಯೂ 6 ಡಿಗ್ರಿ ಇಳಿಯಿತು. ನನಗೆ ಒತ್ತಡಕ್ಕಿಂತ ಇದೇ ದೊಡ್ಡ ಲಾಭ.

ಮೂತಿಯ ಪಕ್ಕಕ್ಕೆ ಅಂಟಿಕೊಂಡಿರುವ ರೆಸೊನೇಟರ್ ಡಬ್ಬಿಯನ್ನು ಅಡ್ಡಿ ಎಂದು ಹಲವರು ಕಿತ್ತು ಹಾಕುತ್ತಾರೆ. ಅದು ಗಾಳಿಯ ದಾರಿಯಲ್ಲಿ ಇಲ್ಲವೇ ಇಲ್ಲ. ಪಕ್ಕದ ಕೊಂಬೆ ಅಷ್ಟೆ, ಒಂದು ಸ್ವರವನ್ನು ನುಂಗಲು ಇಟ್ಟದ್ದು. ಅದರ ಬಾಯಿ ಮುಚ್ಚಿ ಅಳೆದಾಗ ನೀರು ಒಂದು ಗೆರೆಯೂ ಕದಲಲಿಲ್ಲ, 3000 ಆರ್‌ಪಿಎಂ ಸುತ್ತ ಕ್ಯಾಬಿನ್ನಿನಲ್ಲಿ ಗುಂಯ್‌ಗುಡುವ ಸದ್ದು ಮಾತ್ರ ಶುರುವಾಯಿತು.

ಯಾವುದು ಎಷ್ಟು ಎನ್ನುವ ಅಂದಾಜಿಗೆ ಇನ್ನೊಂದು ಅಂಕಿ. ಹಾಸನದಲ್ಲಿ 90 ಇರುವ ಒತ್ತಡ ಶಿರಾಡಿ ಇಳಿದು ಮಂಗಳೂರು ತಲುಪುವಷ್ಟರಲ್ಲಿ 101 ಆಗುತ್ತದೆ. ಕರಾವಳಿಯ ಸೆಕೆ ಒಂದಿಷ್ಟನ್ನು ಕಸಿದರೂ ಇಷ್ಟು ಗಾಳಿ ಕೊಡುವ ಫಿಲ್ಟರ್ ಯಾವ ಅಂಗಡಿಯಲ್ಲೂ ಇಲ್ಲ.

ಟರ್ಬೊ ಕಾರುಗಳ ಲೆಕ್ಕ ಬೇರೆ. ಟರ್ಬೊದ ಮುಂದಿನ ಅಡ್ಡಿಯನ್ನು ಅದು ಹೆಚ್ಚು ವೇಗವಾಗಿ ತಿರುಗಿ ತುಂಬಿಕೊಳ್ಳಬೇಕು, ಹಾಗಾಗಿ ಇಸಿಯು ರೀಮ್ಯಾಪ್ ಮಾಡಿಸಿದವರಿಗೆ (ಶಕ್ತಿ ಹೆಚ್ಚಿಸಲು ಅದರ ಪ್ರೋಗ್ರಾಂ ಬದಲಿಸಿಕೊಂಡವರಿಗೆ) ಇನ್‌ಟೇಕ್ ಕೆಲಸ ನಿಜಕ್ಕೂ ದಕ್ಕುತ್ತದೆ. ವಾರಂಟಿ ಇರುವ ಕಾರಿನಲ್ಲಿ ಡಬ್ಬ ತೆಗೆಯುವ ಮುನ್ನ ಯೋಚಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿದಿದೆ.

ಈಗ ನನ್ನ ಕಾರಿನಲ್ಲಿರುವುದು ಕಂಪನಿ ಡಬ್ಬ, ಕಾಗದದ ಫಿಲ್ಟರ್, ಅರಳಿಸಿದ ಮೂತಿ. ದೂಳಿನ ರಸ್ತೆ ಹೆಚ್ಚು ತಿರುಗಿದ್ದರೆ ಸರ್ವಿಸ್ ಪುಸ್ತಕ ಹೇಳುವುದಕ್ಕಿಂತ ಮೊದಲೇ ಫಿಲ್ಟರ್ ಬದಲಿಸುತ್ತೇನೆ. ಸುಕ್ಕು ಪೈಪಿನ 7 ಸೆಂಟಿಮೀಟರ್ ಇನ್ನೂ ಹಾಗೆಯೇ ಇದೆ. ಎಂಜಿನ್ ಅಲುಗಾಡುವುದರಿಂದ ಅಲ್ಲಿ ಸುಕ್ಕು ಸ್ವಲ್ಪವಾದರೂ ಬೇಕು; ನಡುವೆ ಎರಡೇ ಮಡಿಕೆ, ಉಳಿದದ್ದೆಲ್ಲ ಒಳಗೆ ನಯವಾಗಿರುವ ಸಿಲಿಕೋನ್ ಪೈಪನ್ನು ಮುಂದೆ ಹಾಕಿ ಅಳೆಯಬೇಕೆಂದಿದ್ದೇನೆ.