ತುಮಕೂರಲ್ಲಿ ಮಕ್ಕಳಿಗೆ ಚೆಸ್ ಕ್ಲಾಸ್ ಹುಡುಕ್ತಿರೋರಿಗೆ: ಎಸ್.ಎಸ್. ಪುರಂ ಮಹಡಿ ಮೇಲಿನ ಕ್ಲಾಸ್

ಗುಕೇಶ್ 2024ರ ಡಿಸೆಂಬರಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್‌ನ ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ್ಮೇಲೆ ನಮ್ಮೂರಲ್ಲೂ ಎಲ್ಲಿ ನೋಡಿದ್ರೂ ಚೆಸ್ ಕ್ಲಾಸ್ ಫ್ಲೆಕ್ಸು. ಯಾವುದರಲ್ಲಿ ಆಟ ಕಲಿಸ್ತಾರೆ, ಯಾವುದರಲ್ಲಿ ಬರೀ ಫ್ಲೆಕ್ಸು ಅಂತ ಹೊರಗಿಂದ ಗೊತ್ತಾಗಲ್ಲ, ಅದಕ್ಕೇ ಬರೀತಿದೀನಿ. ಮಗಳಿಗೆ ಎಂಟು ವರ್ಷ, ಈಗ ಹೋಗ್ತಿರೋ ಕಡೆಗೆ ನನ್ನ ಕಡೆಯಿಂದ 4 ಸ್ಟಾರ್.

ಮೊದಲು ಸೇರಿಸಿದ್ದು ಬೇರೆ ಕಡೆ, ಹೆಸರು ಬೇಡ. ಟೀ ಶರ್ಟು, ಬ್ಯಾಗು, ಸರ್ಟಿಫಿಕೇಟು ಎಲ್ಲಾ ಜೋರು. ಶುರುವಿಗೇ ಇಟಾಲಿಯನ್, ಸಿಸಿಲಿಯನ್ ಅಂತ ಓಪನಿಂಗ್ (ಆಟ ಶುರು ಮಾಡೋ ನಡೆಗಳ) ಹೆಸರುಗಳು, ಮಗು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸ್ತಿತ್ತು, ಆದ್ರೆ ಎದುರಿನವರ ರಾಣಿ ಪುಕ್ಕಟೆ ಸಿಗ್ತಿದ್ರೂ ಕಣ್ಣಿಗೆ ಬೀಳ್ತಿರ್ಲಿಲ್ಲ. ಆರು ತಿಂಗಳಲ್ಲಿ ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ರೇಟಿಂಗ್ ಕೊಡಿಸ್ತೀವಿ ಅಂತ ಬೇರೆ. ರೇಟಿಂಗ್ ಬರಬೇಕಂದ್ರೆ ರೇಟಿಂಗ್ ಇರೋರ ಜೊತೆನೇ ಕನಿಷ್ಠ 5 ಗೇಮ್ ಆಡಿರಬೇಕು, 2024ರಿಂದ ಕೆಳಗಿನ ಮಿತಿನೂ 1400ಕ್ಕೆ ಏರಿಸಿದಾರೆ, ಪಾನ್ (ಸೈನಿಕ) ಕಾಪಾಡ್ಕೊಳ್ಳೋಕೆ ಬರದ ಮಗೂಗೆ ಆ ಆಸೆ ಯಾಕ್ ತೋರಿಸ್ಬೇಕು ಹೇಳಿ.

ಈ ಎಸ್.ಎಸ್. ಪುರಂ ಕ್ಲಾಸಲ್ಲಿ ಕಥೆನೇ ಬೇರೆ. ರಿಟೈರ್ ಆಗಿರೋ ಒಬ್ರು ಸರ್, ಮನೆ ಮಹಡಿ ಮೇಲೆ ಶೀಟ್ ಹಾಕಿರೋ ಜಾಗ, ಗೋಡೆಗೆ ಒಂದು ಮ್ಯಾಗ್ನೆಟ್ ಬೋರ್ಡು, ಕೆಳಗೆ ಸುತ್ತಿ ಇಡೋ ಹಸಿರು ಮ್ಯಾಟ್‌ಗಳು. ಮೊದಲನೇ ದಿನ 16 ಕಾಯಿ ಕೊಡಲೇ ಇಲ್ಲ, ಬರೀ ಎಂಟೆಂಟು ಪಾನ್. ಯಾರ ಪಾನ್ ಮೊದಲು ಆ ತುದಿ ಮುಟ್ಟುತ್ತೋ ಅವರು ಗೆದ್ದಂಗೆ. ಇದೇನಪ್ಪಾ ದುಡ್ಡು ಕೊಟ್ಟು ಪಾನ್ ಆಟ ಅಂತ ನನಗೂ ಅನ್ನಿಸ್ತು, ಆಮೇಲೆ ನೋಡಿದ್ರೆ ಯಾವ ಪಾನ್ ತಳ್ಳಬೇಕು, ಯಾವುದನ್ನ ತಡೀಬೇಕು ಅಂತ ಮಕ್ಕಳೇ ಲೆಕ್ಕ ಹಾಕೋಕೆ ಶುರು ಮಾಡಿದ್ರು. ಆನ್ ಪಾಸಾಂಟ್ (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಪಾನ್‌ನ ಒಂದೇ ಮನೆ ಬಂದಂಗೆ ಲೆಕ್ಕ ಹಾಕಿ ಪಾನ್‌ನಿಂದ ಹೊಡೆಯೋದು) ಅನ್ನೋ ತಲೆನೋವು ರೂಲ್ ಕೂಡ ಆ ಆಟದಲ್ಲೇ ತಾನಾಗಿ ತಲೆಗೆ ಹೋಯ್ತು. ರಾಜ ಬಂದಿದ್ದು ಆಮೇಲೆ, ನಂತರ ಆನೆ, ಒಂಟೆ, ರಾಣಿ, ಎಲ್ಲಕ್ಕಿಂತ ಕೊನೆಗೆ ಕುದುರೆ. ಎಲ್ಲಾ ಕಾಯಿ ಇಟ್ಟು ಆಡೋಕೆ ಮುಂಚೆನೇ ಎರಡು ಆನೆ ಇಟ್ಕೊಂಡು ಒಂಟಿ ರಾಜನ್ನ ಸಾಲು ಸಾಲಾಗಿ ತಳ್ಕೊಂಡು ಹೋಗಿ ಅಂಚಲ್ಲಿ ಮೇಟ್ (ರಾಜ ತಪ್ಪಿಸ್ಕೊಳ್ಳೋಕೇ ಆಗದ ದಾಳಿ) ಮಾಡೋದು ಬಂದ್ಬಿಟ್ಟಿತ್ತು. ಹಿಂದಿನ ಕ್ಲಾಸಲ್ಲಿ ಆಟ ಹೆಂಗೆ ಮುಗಿಸ್ಬೇಕು ಅನ್ನೋದನ್ನ ಯಾರೂ ಹೇಳೇ ಇರ್ಲಿಲ್ಲ.

ನಾನು ಫಿದಾ ಆಗಿದ್ದು ಒಂದು ಸಂಜೆ. ಮಗಳ ಹತ್ರ ರಾಣಿ ಇದೆ, ಎದುರಿನ ಹುಡುಗನ ಹತ್ರ ರಾಜ ಮಾತ್ರ, ಅದೂ ಮೂಲೆ ಸೇರಿದೆ. ಇವಳು ಖುಷೀಲಿ ರಾಣೀನ ಎತ್ತಿ ಆ ರಾಜನಿಂದ ಸರಿಯಾಗಿ ಕುದುರೆ ನಡೆಯಷ್ಟು ದೂರದಲ್ಲಿ ಇಟ್ಟು ಚಪ್ಪಾಳೆ ತಟ್ಟಿದ್ಲು. ಚೆಕ್ (ರಾಜನ ಮೇಲೆ ದಾಳಿ) ಇಲ್ಲ, ಆ ಹುಡುಗನಿಗೆ ಹೋಗೋಕೆ ಜಾಗಾನೂ ಇಲ್ಲ, ಸ್ಟೇಲ್‌ಮೇಟ್, ಆಟ ಡ್ರಾ. ಕಣ್ಣಲ್ಲಿ ನೀರು. ಸರ್ ಸಮಾಧಾನ ಮಾಡೋಕೂ ಹೋಗ್ಲಿಲ್ಲ, ಬೈಯಲೂ ಇಲ್ಲ, ಮ್ಯಾಟ್ ಪಕ್ಕ ಕುಕ್ಕರಗಾಲಲ್ಲಿ ಕೂತು "ಪುಟ್ಟಮ್ಮ, ಅವನ ರಾಜ ಈಗ ಎಲ್ಲಿಗೆ ಹೋಗ್ಬೋದು, ಬೆರಳಿಟ್ಟು ತೋರ್ಸು" ಅಂದ್ರು. ಒಂದು ಮನೆ, ಎರಡು, ಮೂರು, ಎಲ್ಲಾ ಕಡೆ ಇವಳ ರಾಣಿ ಕಾಯ್ತಿದೆ. "ಹಂಗಾದ್ರೆ ನೀನು ಅವನಿಗೆ ಒಂದು ಮನೆ ಬಿಡ್ಬೇಕಿತ್ತು ಅಲ್ವೇನಮ್ಮ" ಅಂದು ಎದ್ದು ಹೋದ್ರು, ಅಷ್ಟೇ. ಈಗ ಪ್ರತಿ ಸಲ ರಾಣಿ ಇಡೋಕೆ ಮುಂಚೆ ಬೆರಳು ಹೋಗುತ್ತೆ, ಮನೇಲೂ.

ಮನೇಲಿ ನಮ್ಮಪ್ಪನ ಜೊತೆ ಮಾತ್ರ ದಿನಾ ಜಗಳ. ಅಪ್ಪ ಆಡೋದು ಹಳೇ ಪದ್ಧತಿ, ಸೈನಿಕ ಮೊದಲ ಸಲಾನೂ ಒಂದೇ ಮನೆ, ರಾಜನಿಗೆ ಒಂದು ಸಲ ಕುದುರೆ ಥರ ಹಾರೋಕೆ ಪರ್ಮಿಷನ್ನು, ಕ್ಯಾಸ್ಲಿಂಗ್ (ಒಂದೇ ನಡೇಲಿ ರಾಜನ್ನೂ ಆನೇನೂ ಸರಿಸೋದು) ಅಂದ್ರೆ ಮೋಸ. ಸರ್‌ಗೆ ಹೇಳಿದ್ರೆ ನಕ್ಕು, ತಾತನ ಜೊತೆ ತಾತನ ರೂಲ್ಸಲ್ಲೇ ಆಡು, ಇಲ್ಲಿ ಇಲ್ಲಿನ ರೂಲ್ಸು ಅಂದ್ರಂತೆ. ಇಲ್ಲಿ ಮುಟ್ಟಿದ ಕಾಯಿ ನಡೆಸ್ಲೇಬೇಕು, ವಾಪಸ್ ಇಡೋ ಹಂಗಿಲ್ಲ, ಪ್ರತಿ ನಡೆ ನೋಟ್‌ಬುಕ್ಕಲ್ಲಿ ಬರೀಬೇಕು. ಯೂಟ್ಯೂಬ್ ನೋಡಿ ನಾಲ್ಕೇ ನಡೇಲಿ ಮೇಟ್ ಮಾಡ್ತೀನಿ ಅಂತ ಬರೋ ಹುಡುಗ್ರಿದ್ರೆ, ಮೊದಲು ಅದನ್ನ ತಡೆಯೋದು ಹೆಂಗೆ ಅಂತ ಉಳಿದೋರಿಗೆಲ್ಲಾ ಹೇಳಿಕೊಟ್ಬಿಡ್ತಾರೆ, ಶುರುವಲ್ಲಿ ಕಪ್ಪು ರಾಜ ಬಿಟ್ರೆ ಬೇರೆ ಯಾರೂ ಕಾಯದ ಎಫ್7 ಅನ್ನೋ ಮನೆ ತೋರಿಸಿ. ಒಂದು ವಾರದಲ್ಲಿ ಆ ಮೇಟ್ ಯಾರಿಗೂ ನಡೆಯಲ್ಲ.

ಸ್ಟಾರ್ ಒಂದು ಕಟ್ ಮಾಡಿದ್ದಕ್ಕೆ ಕಾರಣ ಇದೆ. ಮೆಟ್ಟಿಲು ಕಡಿದಾಗಿದೆ, ಅದರ ಮೇಲೆ ಎಲ್ಲರ ಚಪ್ಪಲಿ. ಬೇಸಿಗೇಲಿ ಶೀಟ್ ಕೆಳಗೆ ಬೇಯ್ತಾರೆ ಮಕ್ಕಳು. ಫೀಸಿಗೆ ರಸೀದಿ ಕೊಡಲ್ಲ, ಕೇಳಿದ್ರೆ ಡೈರೀಲಿ ಬರ್ಕೊಂಡಿದೀನಿ ಬಿಡಿ ಅಂತಾರೆ. ಹೊಸಬರೂ ಸ್ವಲ್ಪ ಬಂದೋರೂ ಒಂದೇ ಬ್ಯಾಚಲ್ಲಿ ಇರೋದ್ರಿಂದ ಬೇಗ ಕಲಿಯೋರು ಕೆಲವು ಸಲ ಸುಮ್ನೆ ಕೂತಿರ್ತಾರೆ, ಇನ್ನೊಬ್ರು ಅಸಿಸ್ಟೆಂಟ್ ಬೇಕೇ ಬೇಕು.

ಟೂರ್ನಮೆಂಟ್ ಲೆವೆಲ್‌ಗೆ ಈಗಾಗಲೇ ಆಡೋ ಮಕ್ಕಳಿಗೆ ಇದು ಆಗಲ್ಲ, ಸರ್ ಅವರೇ ಬೆಂಗಳೂರಿಗೆ ಹೋಗಿ ಅಂತಾರೆ. ಹೊಸದಾಗಿ ಕಲಿಯೋರಾದ್ರೆ ಮೊದಲ ಕ್ಲಾಸ್ ಫ್ರೀ, ಹೋಗಿ ನೋಡಿ. ಮನೇಲಿ ಪ್ರಾಕ್ಟೀಸಿಗೆ ಲಿಚೆಸ್ ಅನ್ನೋ ಆನ್‌ಲೈನ್ ಚೆಸ್ ಸೈಟ್ ಸಾಕು, ದುಡ್ಡೂ ಇಲ್ಲ ಜಾಹೀರಾತೂ ಇಲ್ಲ, ಬೇರೆ ಆಪ್‌ಗೆ ದುಡ್ಡು ಕಟ್ಟಬೇಡಿ. ಆಮೇಲೆ ಅಪ್ಪ ಅಮ್ಮಂದಿರು ಒಳಗೆ ಕೂತು ಪಕ್ಕದಿಂದ ನಡೆ ಹೇಳಿಕೊಡೋ ಹಂಗಿಲ್ಲ, ಹೇಳಿಕೊಟ್ರೆ ಸರ್ ನಮ್ಮನ್ನೇ ಎಬ್ಬಿಸಿ ಕೆಳಗೆ ಕಳಿಸ್ತಾರೆ.