ವಿಗ್ ಕೊಳ್ಳುವಾಗ ‘ತಂಗಿಗೆ’ ಅಂತ ಹೇಳಬೇಡಿ

ಹೋದ ವರ್ಷ ದೀಪಾವಳಿಗೆ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ 18,500 ರೂಪಾಯಿ ಕೊಟ್ಟು ವಿಗ್ ತಂದೆ. ಅದನ್ನು ಒಂದು ದಿನವೂ ನೆಮ್ಮದಿಯಾಗಿ ಹಾಕಿಕೊಳ್ಳಲು ಆಗಲಿಲ್ಲ. ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗುವಂಥದ್ದು ಇನ್ನೊಂದು ಆಯಿತು. ನನ್ನ ಹಾಗೆ ಬಾಗಿಲು ಹಾಕಿಕೊಂಡು ಸೀರೆ ಉಡುವವರು, ಒಂದು ಒಳ್ಳೆಯ ವಿಗ್ ತಗೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರು ಇದನ್ನು ಪೂರ್ತಿ ಓದಿ.

ನಾನು ಕ್ರಾಸ್‌ಡ್ರೆಸರ್, ಅಂದರೆ ಹೆಂಗಸರ ಉಡುಪು ತೊಡಲು ಇಷ್ಟಪಡುವ ಗಂಡಸು. ವಯಸ್ಸು ಮೂವತ್ತು ದಾಟಿದೆ. ಊರು ಕೊಪ್ಪಳದ ಕಡೆ, ಕೆಲಸ ಬೆಂಗಳೂರಿನಲ್ಲಿ. ಭಾನುವಾರ ರೂಮಿನಲ್ಲಿ ಸೀರೆ ಉಡುತ್ತೇನೆ. ನೆರಿಗೆ, ರವಿಕೆ, ಬಳೆ, ಬೊಟ್ಟು ಎಲ್ಲ ಚೆನ್ನಾಗಿಯೇ ಕೂರುತ್ತವೆ. ಕನ್ನಡಿಯಲ್ಲಿ ಕತ್ತಿನವರೆಗೆ ನೋಡಿದರೆ ಖುಷಿ. ಮೇಲೆ ನೋಡಿದರೆ ಕ್ರಾಪು, ಹಣೆಯ ಎರಡೂ ಬದಿಯಲ್ಲಿ ಹಿಂದೆ ಸರಿದ ಕೂದಲು. ಆರು ವರ್ಷ ತಲೆ ಮೇಲೆ ಸೆರಗು ಹೊದ್ದುಕೊಂಡೇ ಕಳೆದೆ. ನಡುವೆ ಆನ್‌ಲೈನಲ್ಲಿ 900 ರೂಪಾಯಿಯ ವಿಗ್ ಒಂದನ್ನು ತರಿಸಿದ್ದೆ. ಬೊಂಬೆ ಕೂದಲಿನ ಹಾಗೆ ಮಿಂಚುತ್ತಿತ್ತು, ಎತ್ತಿಟ್ಟುಬಿಟ್ಟೆ. ಅದಕ್ಕೇ ಈ ಸಲ ಅಸಲಿ ಕೂದಲಿನದ್ದೇ ಬೇಕು, ಅಂಗಡಿಗೇ ಹೋಗಿ ತರಬೇಕು ಅಂತ ಮನಸ್ಸು ಮಾಡಿದೆ.

ಅಂಗಡಿ ಮೊದಲನೇ ಮಹಡಿಯಲ್ಲಿತ್ತು. ಮೆಟ್ಟಿಲ ತನಕ ಎರಡು ಸಲ ಹೋಗಿ ವಾಪಸ್ ಬಂದೆ. ಮೂರನೇ ಸಲ ಹತ್ತಿದೆ.

“ಯಾರಿಗೆ ಸಾರ್?” ಅಂದರು ಅಂಗಡಿಯವರು.

“ತಂಗಿಗೆ. ಅವಳಿಗೆ ಕೂದಲು ತುಂಬಾ ಉದುರ್ತಿದೆ.”

ನನಗೆ ತಂಗಿಯೇ ಇಲ್ಲ. ಆಮೇಲೆ ಆದ ನಷ್ಟವೆಲ್ಲ ಶುರುವಾಗಿದ್ದು ಈ ಒಂದು ಮಾತಿನಿಂದ. ತಂಗಿಗೆ ಅಂದಮೇಲೆ ನನ್ನ ತಲೆಯ ಅಳತೆ ತೆಗೆಯಿರಿ ಅಂತ ಹೇಗೆ ಕೇಳಲಿ? ಹಾಕಿ ನೋಡುತ್ತೀನಿ ಅಂತ ಹೇಗೆ ಹೇಳಲಿ? ಅಲ್ಲೇ ದೊಡ್ಡ ಕನ್ನಡಿ ಇತ್ತು. ಅದರ ಮುಂದೆ ನಿಂತು, ವಿಗ್ಗನ್ನು ಕೈಯಲ್ಲಿ ಹಿಡಿದುಕೊಂಡು, ಸುಮ್ನೆ ತಲೆಯಾಡಿಸುತ್ತಾ ಇದ್ದೆ. “ಲೇಡೀಸ್ ಸೈಜ್ ಎಲ್ಲ ಒಂದೇ ಸಾರ್, ಒಳಗೆ ಪಟ್ಟಿ ಇದೆ, ಅಡ್ಜಸ್ಟ್ ಆಗುತ್ತೆ” ಅಂದರು. ಒಪ್ಪಿಕೊಂಡೆ.

ಅಸಲಿ ಕೂದಲು ಹೌದೋ ಅಲ್ಲವೋ ಅಂತ ಅನುಮಾನ ಇತ್ತು. ನಾನು ಕೇಳುವ ಮುಂಚೆಯೇ ಅವರು ಲೈಟರ್ ತೆಗೆದರು. ಮುಂಭಾಗದಿಂದ ಒಂದು ಎಳೆ ಕಿತ್ತು ಸುಟ್ಟರು. ಕೂದಲು ಸುಟ್ಟ ವಾಸನೆಯೇ ಬಂತು. ಬೆರಳಲ್ಲಿ ಉಜ್ಜಿದರೆ ಬೂದಿ. “ತಿರುಪತಿ ಕೂದಲು ಸಾರ್” ಅಂದರು. ನಾನು ಪೂರ್ತಿ ನಂಬಿದೆ. ಆಮೇಲೆ ಕತ್ತರಿ ತೆಗೆದುಕೊಂಡು, “ತಂಗಿಗೆ ಕಷ್ಟ ಆಗಬಾರದು, ನಾನೇ ನೀಟಾಗಿ ಮಾಡಿಕೊಡ್ತೀನಿ” ಅಂತ ಹಣೆಗೆ ಅಂಟಿಸಲು ವಿಗ್ಗಿನ ಮುಂದೆ ಉಳಿಸಿರುವ ತೆಳು ಜಾಲರಿ ಬಟ್ಟೆ, ಅಂದರೆ ಲೇಸನ್ನು ಕತ್ತರಿಸಿಬಿಟ್ಟರು. ಒಳ್ಳೆಯ ಮನುಷ್ಯ ಅಂದುಕೊಂಡೆ. ಬಿಲ್ ಕೇಳಿದಾಗ ಒಂದು ಕೈಚೀಟಿಯಲ್ಲಿ ‘ಹೇರ್ ಐಟಂ 1’ ಅಂತ ಬರೆದು, ನನ್ನ ಹೆಸರು, ಫೋನ್ ನಂಬರ್ ಬರೆದುಕೊಂಡರು.

ರೂಮಿಗೆ ಬಂದು ಚಿಲಕ ಹಾಕಿ, ಕೈ ತೊಳೆದುಕೊಂಡು ಹಾಕಿಕೊಂಡೆ. ತಲೆಗೆ ಹಿಡಿಯಲೇ ಇಲ್ಲ. ಹಿಂದೆ ಎಳೆದರೆ ಮುಂದೆ ಜಾರುತ್ತಿತ್ತು, ಮುಂದೆ ಎಳೆದರೆ ಕತ್ತಿನ ಹತ್ತಿರ ಮೇಲೇಳುತ್ತಿತ್ತು. ಪಟ್ಟಿ ಪೂರ್ತಿ ಸಡಿಲ ಮಾಡಿದರೂ ಅರ್ಧ ಗಂಟೆಗೆ ಹಣೆ ಮೇಲೆ ಕೆಂಪು ಗೀರು ಬಿತ್ತು. ಹಣೆ ಚಿಕ್ಕದಾಗಿ ಕಾಣಲಿ ಅಂತ ತಂದ ವಿಗ್ ಹಣೆಯನ್ನೇ ಇನ್ನೂ ದೊಡ್ಡದು ಮಾಡಿತು. ಲೇಸನ್ನು ಬುಡದವರೆಗೆ ಕತ್ತರಿಸಿದ್ದರಿಂದ ಅಂಟಿಸಲೂ ಜಾಗ ಇರಲಿಲ್ಲ.

ಸರಿ, ಕೂದಲಾದರೂ ಅಸಲಿ ಅಲ್ವಾ, ಸ್ವಲ್ಪ ಇಸ್ತ್ರಿ ಮಾಡಿ ಮುಖಕ್ಕೆ ಬರುವ ಹಾಗೆ ತಿದ್ದೋಣ ಅಂತ ಸ್ಟ್ರೈಟ್ನರ್ ಹಚ್ಚಿದೆ. ಮೇಲಿನ ಪದರ ಚೆನ್ನಾಗಿ ಬಂತು. ಒಳಗಿನ ಒಂದು ಗೊಂಚಲು ಹಿಡಿದು ಎಳೆದೆ. ಬರಲಿಲ್ಲ. ತಟ್ಟೆಗೆ ಅಂಟಿಕೊಂಡಿತ್ತು. ಬಿಡಿಸಿ ನೋಡಿದರೆ ತುದಿಯೆಲ್ಲ ಕರಗಿ, ಕಪ್ಪು ಮಣಿಗಳ ಹಾಗೆ ಗಟ್ಟಿಯಾಗಿತ್ತು. ರೂಮಿನ ತುಂಬ ಪ್ಲಾಸ್ಟಿಕ್ ಸುಟ್ಟ ವಾಸನೆ. ಕಿಟಕಿ ತೆಗೆಯೋಣ ಅಂದರೆ ಸೀರೆಯಲ್ಲಿದ್ದೆ. ಹಾಗೇ ಕೂತೆ.

ಅಂದರೆ ಮುಂದಿನ ಒಂದೆರಡು ಸಾಲು ಮಾತ್ರ ಕೂದಲು, ಒಳಗೆಲ್ಲ ಪ್ಲಾಸ್ಟಿಕ್ ನೂಲು. ಅವರು ಸುಟ್ಟು ತೋರಿಸಿದ್ದು ಎಲ್ಲಿಂದ ಕಿತ್ತ ಎಳೆ ಅಂತ ಆಗ ನೆನಪಾಯಿತು. ಇದನ್ನು ದಯವಿಟ್ಟು ಮರೆಯಬೇಡಿ: ಎಳೆಯನ್ನು ನೀವೇ ಆರಿಸಿ. ಕಿವಿಯ ಹಿಂದಿನಿಂದ ಒಂದು, ನೆತ್ತಿಯ ಒಳಪದರದಿಂದ ಒಂದು, ಕತ್ತಿನ ಹತ್ತಿರ ಒಂದು. ಕೂದಲು ಬೂದಿಯಾಗುತ್ತೆ, ನೂಲು ಮುದುರಿ ಗಂಟಾಗುತ್ತೆ.

ಮಾರನೇ ದಿನ ಫೋನ್ ಮಾಡಿದೆ. ಲೇಸ್ ಕತ್ತರಿಸಿದ ಪೀಸ್ ವಾಪಸ್ ತಗೊಳ್ಳಲ್ಲ ಅಂದರು. ಕತ್ತರಿಸಿದ್ದು ಅವರೇ! ಜಗಳ ಆದಮೇಲೆ ಸ್ವರ ಬದಲಾಯಿತು. “ಹಾಕಿಕೊಂಡಿರೋ ಫೋಟೋ ವಾಟ್ಸಾಪ್ ಮಾಡಿ ಸಾರ್, ಫಿಟ್ಟಿಂಗ್ ನೋಡಿ ಹೇಳ್ತೀನಿ.” ದುಡ್ಡು ವಾಪಸ್ ಬರುತ್ತೆ ಅನ್ನೋ ಆಸೆಯಲ್ಲಿ ಕಳಿಸಿಬಿಟ್ಟೆ. ಸೀರೆಯಲ್ಲಿ, ಮುಖ ಪೂರ್ತಿ ಕಾಣುವ ಫೋಟೋ. ನನ್ನ ಆ ರೂಪವನ್ನು ನೋಡಿದ ಮೊದಲ ಮನುಷ್ಯ ಆತ.

ಎರಡು ದಿನ ಉತ್ತರ ಇಲ್ಲ. ಮತ್ತೆ ದುಡ್ಡು ಕೇಳಿದೆ. ರಾತ್ರಿ ಹತ್ತೂವರೆಗೆ ಮೆಸೇಜ್ ಬಂತು: “ಈ ಫೋಟೋ ನಮ್ಮ ಪೇಜಲ್ಲಿ ಹಾಕಿದ್ರೆ ನಿಮ್ಮ ಮನೆಯವರಿಗೂ ಗೊತ್ತಾಗುತ್ತೆ ಅಲ್ವಾ ಸಾರ್?” ಕೈ ನಡುಗಿ ಫೋನ್ ಕೆಳಗೆ ಬಿತ್ತು. ನಂಬರ್ ಬ್ಲಾಕ್ ಮಾಡಿದೆ, ಮೆಸೇಜ್ ಎಲ್ಲ ಅಳಿಸಿದೆ. ಅಳಿಸಿದ್ದು ತಪ್ಪು. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಕಿತ್ತು. ಹೀಗೆ ಹೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಪ್ರಕಾರ ಅಪರಾಧ. ಸೈಬರ್ ವಂಚನೆಗೆ 1930 ಸಹಾಯವಾಣಿ ಇದೆ. ಇಂಥ ಬೆದರಿಕೆಯನ್ನು ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು. ಇದೆಲ್ಲ ನನಗೆ ತಿಳಿದಿದ್ದು ಸಾಕ್ಷಿ ಅಳಿಸಿ ತಿಂಗಳಾದ ಮೇಲೆ.

ನನಗೆ ಜಾಸ್ತಿ ಬೇಜಾರಾಗಿದ್ದು ಇನ್ನೊಂದಕ್ಕೆ. ನಾನು ಕೂದಲಿನ ವ್ಯಾಪಾರ ನೋಡಿಕೊಂಡೇ ಬೆಳೆದವನು. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಉದ್ಯಮಕ್ಕೆ ಹೆಸರಾದ ಊರು. ಅವ್ವ ಬಾಚಿಕೊಂಡಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಕೂದಲು ಕೊಳ್ಳುವವರು ಓಣಿಗೆ ಬಂದಾಗ ಅದಕ್ಕೆ ಪಿನ್ನು, ಒಂದೊಂದು ಸಲ ಸ್ಟೀಲ್ ಬಟ್ಟಲು. ಸಂಕ್ರಾಂತಿಗೆ ಊರಿಗೆ ಹೋದಾಗ ಆ ವಿಗ್ಗನ್ನು ಬ್ಯಾಗಿನ ತಳದಲ್ಲಿಟ್ಟುಕೊಂಡು ಹೋದೆ. ಕೂದಲು ಬಿಡಿಸುವ ಕೆಲಸ ಮಾಡಿ ಮಾಡಿ ಬೆರಳಿಗೇ ಕಣ್ಣು ಬಂದಂತಿರುವ ಒಬ್ಬ ಅಕ್ಕ ಇದ್ದಾರೆ. ಅವರ ಮುಂದೆ ಇಟ್ಟೆ.

ಲೈಟರ್ ಬೇಕಾಗಲಿಲ್ಲ. ಎರಡು ಬೆರಳಲ್ಲಿ ಒಂದು ಎಳೆ ಹಿಡಿದು ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಸವರಿದರು. “ಒಳಗಿಂದು ನೂಲು. ಮುಂದಿಂದು ಕೂದಲಾ ಐತಿ, ಆದರ ಬಾಚಿದ್ ಕೂದಲು” ಅಂದರು. ಅವರು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಬಾಚಣಿಗೆಯಿಂದ ಬಂದ ಕೂದಲಿನಲ್ಲಿ ಬುಡ, ತುದಿ ಎಲ್ಲ ಕಲಸಿರುತ್ತೆ. ಕೂದಲ ಮೈಮೇಲೆ ಮೀನಿನ ಪೊರೆಯಂಥ ಪದರ ಇರುತ್ತೆ. ದಿಕ್ಕು ಅದಲು ಬದಲಾದರೆ ಪೊರೆಗೆ ಪೊರೆ ಸಿಕ್ಕಿ ಗಂಟಾಗುತ್ತೆ. ಅದನ್ನು ಮುಚ್ಚಲು ಆಸಿಡ್‌ನಲ್ಲಿ ಪೊರೆ ತೆಗೆದು ಸಿಲಿಕೋನ್ ಹಚ್ಚುತ್ತಾರೆ. ಅಂಗಡಿಯಲ್ಲಿ ರೇಷ್ಮೆಯ ಹಾಗಿರುತ್ತೆ, ಕೆಲವೇ ಸಲ ತೊಳೆದರೆ ಜಡೆಗಟ್ಟುತ್ತೆ. ಗುಡಿಗಳಲ್ಲಿ ಮುಡಿ ಕೊಟ್ಟ ಕೂದಲಿಗೆ ಬೆಲೆ ಜಾಸ್ತಿ, ಯಾಕೆಂದರೆ ಒಂದೇ ತಲೆಯ ಕೂದಲನ್ನು ಕಟ್ಟು ಕಟ್ಟಿ ದಿಕ್ಕು ತಪ್ಪದಂತೆ ಇಡಬಹುದು. ತಿರುಮಲದ ಕೂದಲನ್ನು ದೇವಸ್ಥಾನವೇ ಹರಾಜು ಹಾಕುತ್ತೆ ನಿಜ. ಆದರೆ ಅಂಗಡಿಯವರು ಬಾಯಲ್ಲಿ ‘ತಿರುಪತಿ’ ಅಂದ ಮಾತ್ರಕ್ಕೆ ಅದು ಅಲ್ಲಿಯದಾಗುವುದಿಲ್ಲ.

“ಯಾರಿಗೆ ತಂದಿದ್ಯೋ ತಮ್ಮಾ?” ಅಂತ ಕೇಳಿದರು.

ತಂಗಿಗೆ ಅಂತ ಬಾಯಿಗೆ ಬಂದಿತ್ತು. “ನನಗ ಅಕ್ಕಾ” ಅಂದೆ.

ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಟೇಪು ತಂದರು. “ಇಲ್ಲಿ ಕುಂದ್ರು.” ಹಣೆಯ ಅಂಚಿನಿಂದ ಕಿವಿಯ ಮೇಲೆ ಹಾದು, ಕತ್ತಿನ ಕುಳಿಯ ಹತ್ತಿರ ಸುತ್ತಿ ಮತ್ತೆ ಹಣೆಗೆ. ಇಪ್ಪತ್ಮೂರೂವರೆ ಇಂಚು. ವಿಗ್ಗಿನ ಒಳಸುತ್ತು ಇಪ್ಪತ್ತೆರಡು. “ಹೆಂಗ ಹಿಡಿಸ್ತೈತೋ ಮಾರಾಯಾ!” ಅಂದರು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೈಜು ಸುಮಾರು 22ರಿಂದ 22.5 ಇಂಚು. ಗಂಡಸರಲ್ಲಿ ಬಹಳ ಜನಕ್ಕೆ ದೊಡ್ಡ ಸೈಜೇ ಬೇಕಾಗುತ್ತೆ. ಐವತ್ತು ರೂಪಾಯಿ ಒಳಗಿನ ಟೇಪು ನನ್ನ 18,500 ಉಳಿಸುತ್ತಿತ್ತು.

ಮುಖಕ್ಕೆ ಒಪ್ಪುವುದು ಹೇಗೆ ಅಂತಲೂ ಈ ಪಾಡಿನಲ್ಲೇ ಕಲಿತೆ. ನಾನು ತಂದಿದ್ದು ನಡುಬೈತಲೆ, ಸೊಂಟದವರೆಗೆ ನೇರ ಕೂದಲು, ಕಡುಕಪ್ಪು. ಮೂರೂ ನನ್ನ ಮುಖಕ್ಕೆ ವಿರುದ್ಧ. ನಡುಬೈತಲೆ ಮೂಗು, ಗದ್ದಗಳನ್ನು ಗೀಟು ಎಳೆದಂತೆ ತೋರಿಸಿತು. ಕಡುಕಪ್ಪಿಗೆ ಮುಖ ಗಡುಸಾಯಿತು, ಶೇವ್ ಮಾಡಿದ ಜಾಗ ಎದ್ದು ಕಂಡಿತು. ಬಣ್ಣದ ಚಾರ್ಟಿನಲ್ಲಿ 1 ಅಂದರೆ ಕಡುಕಪ್ಪು. ಅದರ ಪಕ್ಕದ 1ಬಿ ನಮ್ಮವರ ಕೂದಲಿಗೆ ಹತ್ತಿರ, ಇನ್ನೂ ಮೆದುವಾಗಿ ಬೇಕಿದ್ದರೆ 2. ಹಣೆ ಅಗಲ ಇರುವವರು ಓರೆ ಬೈತಲೆ ನೋಡಿ, ಹಣೆ ಮೇಲೆ ಸ್ವಲ್ಪ ಕೂದಲು ಬೀಳಲಿ. ದವಡೆ ಅಗಲ ಇದ್ದರೆ ದವಡೆಯ ಹತ್ತಿರವೇ ಮುಗಿಯುವ ಕಟ್ ಬೇಡ, ಭುಜ ದಾಟಿ ಕೆಳಗೆ ಬರಲಿ, ಕೆನ್ನೆ ಬದಿಗೆ ಪದರ ಪದರವಾಗಿ ಇರಲಿ. ಸೊಂಟದುದ್ದ ಬೇಕೆಂಬ ಆಸೆ ನನಗೂ ಇತ್ತು. ರವಿಕೆಯ ಬೆನ್ನಿಗೆ ಉಜ್ಜಿ ಉಜ್ಜಿ ಕತ್ತಿನ ಹತ್ತಿರ ಮೊದಲು ಸಿಕ್ಕಾಗುವುದು ಅದೇ.

ಹಾಗಂತ ನೂಲಿನ ವಿಗ್ ಕೆಟ್ಟದ್ದಲ್ಲ. ನೂಲು ಅಂತ ಹೇಳಿ, ನೂಲಿನ ಬೆಲೆಗೆ ಕೊಟ್ಟರೆ ಮೊದಲ ವಿಗ್ಗಿಗೆ ಅದೇ ಸಾಕು. ತಣ್ಣೀರಲ್ಲಿ ತೊಳೆಯಿರಿ. ಬಿಸಿ ತಡೆಯುವ ನೂಲು ಅಂತ ಬರೆದಿಲ್ಲದಿದ್ದರೆ ಸ್ಟ್ರೈಟ್ನರ್ ಹಚ್ಚಬೇಡಿ, ಹಾಕಿಕೊಂಡು ಒಲೆ ಮುಂದೆ ನಿಲ್ಲಬೇಡಿ.

ಅಂಗಡಿಯಲ್ಲಿ ‘ನನಗೇ’ ಅಂತ ಹೇಳಲು ಧೈರ್ಯ ಬರಲ್ಲ, ನನಗೆ ಗೊತ್ತು. ‘ನಾಟಕಕ್ಕೆ’ ಅನ್ನಿ. ಯಕ್ಷಗಾನದಲ್ಲಿ, ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀ ಪಾತ್ರ ಮಾಡಿದ ನಾಡು ಇದು, ಯಾರಿಗೂ ಹೊಸದಲ್ಲ. ಹಾಗೆ ಹೇಳಿದರೆ ಅಳತೆಯೂ ತೆಗೆಯುತ್ತಾರೆ, ಹಾಕಿಯೂ ನೋಡಬಹುದು. ಹಾಕಿ ನೋಡಲು ಬಿಡದಿದ್ದರೆ ಎದ್ದು ಬನ್ನಿ. ಬಿಲ್‌ನಲ್ಲಿ ‘ಪೂರ್ತಿ ಮಾನವ ಕೂದಲು’ ಅಂತ ಬರೆಸಿ. ಬಿಲ್ ಕೊಡದಿರುವುದು, ದೋಷವಿರುವ ಮಾಲು ವಾಪಸ್ ಪಡೆಯದಿರುವುದು ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಅಂತಲೇ ಇದೆ. ಗ್ರಾಹಕ ಸಹಾಯವಾಣಿ 1915. ಅಲ್ಲಿ ವಿಗ್ ಯಾರಿಗೆ ಅನ್ನುವುದಕ್ಕಿಂತ ಬಿಲ್ ಎಲ್ಲಿ ಅನ್ನುವುದೇ ಮುಖ್ಯ. ಮನೆಗೆ ತಂದು, ಸರಿಯಾಗಿದೆ ಅಂತ ಖಾತ್ರಿ ಆಗುವವರೆಗೆ ಲೇಸ್‌ಗೆ ಕತ್ತರಿ ತಾಗಿಸಬೇಡಿ, ಬೇರೆಯವರಿಗೂ ಬಿಡಬೇಡಿ. ಫೋಟೋ ಕೇಳಿದರೆ ವಿಗ್ಗನ್ನು ಒಂದು ಬಟ್ಟಲ ಮೇಲೆ ಇಟ್ಟು ತೆಗೆದು ಕಳಿಸಿ.

ಅಂಗಡಿ ಯಾವುದು ಅಂತ ಕೇಳಬೇಡಿ. ನನ್ನ ಫೋಟೋ ಇನ್ನೂ ಅವರ ಫೋನಿನಲ್ಲಿದೆ.