ಹೊಂಗೆ, ಬೇವು, ಹರಳು: ಮೆಣಸಿನ ಬುಡಕ್ಕೆ ಯಾವ ಹಿಂಡಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹೊಂಗೆ ಹಿಂಡಿಗೆ. ಮಡಿಕೇರಿ ಹತ್ತಿರದ ನಮ್ಮ ಸಣ್ಣ ತೋಟದಲ್ಲಿ ಕಾಫಿ ನಡುವಿನ ಸಿಲ್ವರ್ ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಅದರ ಬುಡಕ್ಕೆ ಮೂರನ್ನೂ ಹಾಕಿ ನೋಡಿದ್ದಾಯಿತು. ಮೂರೂ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟವೇ. ಹಾಗೇ ದನಕ್ಕೆ ಹಾಕಲು ಬರುವುದಿಲ್ಲ, ಅದಕ್ಕೇ ಗೊಬ್ಬರದ ಅಂಗಡಿಗೆ ಬರುತ್ತವೆ.

ಹರಳು ಹಿಂಡಿಯನ್ನು ಗೊಬ್ಬರ ಅಂತ ನೋಡಿದರೆ ಬೈಯುವ ಹಾಗಿಲ್ಲ. 100 ಕೆಜಿಯಲ್ಲಿ ಸುಮಾರು 4 ಕೆಜಿ ಸಾರಜನಕ, ಅದೂ ಬಳ್ಳಿಗೆ ಬೇಗ ಸಿಗುತ್ತದೆ. ಮಳೆ ಹಿಡಿದ ಮೇಲೆ ಎಲೆ ಕಪ್ಪು ಹಸಿರಾಗಿತ್ತು.

ರಗಳೆ ಶುರುವಾಗಿದ್ದು ನಾಯಿಯಿಂದ. ಹರಳು ಬೀಜದಲ್ಲಿ ರೈಸಿನ್ ಅನ್ನುವ ವಿಷ ಇದೆ, ಅದು ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ, ಸರಿಯಾಗಿ ಬಿಸಿ ಮಾಡದಿದ್ದರೆ ಹಾಗೇ ಇರುತ್ತದೆ. ಮೂಟೆ ಮೇಲೆ ಇದರ ಬಗ್ಗೆ ಒಂದಕ್ಷರ ಇರಲಿಲ್ಲ, ಅಂಗಡಿಯವರೂ ಹೇಳಲಿಲ್ಲ. ನಾಯಿಗೋ ಆ ವಾಸನೆ ಅಂದರೆ ಪ್ರಾಣ. ಬುಡ ಕೆದಕಿ ತಿಂದಿತು, ಮರುದಿನ ವಾಂತಿ, ರಕ್ತ ಭೇದಿ. ಡಾಕ್ಟರು ನೋಡಿದ ಕೂಡಲೇ ಕೇಳಿದ್ದು, "ತೋಟಕ್ಕೆ ಹರಳು ಹಿಂಡಿ ಹಾಕಿದ್ರಾ ಸಾರ್?" ಇದಕ್ಕೆ ಮದ್ದು ಅಂತ ಬೇರೆ ಇಲ್ಲವಂತೆ, ಡ್ರಿಪ್ ಹಾಕಿ ಕಾಯುವುದಷ್ಟೇ. ಪುಣ್ಯಕ್ಕೆ ಬದುಕಿತು. ಆಮೇಲೆ ಮಣ್ಣು ಮುಚ್ಚಿ ನೋಡಿದೆವು, ಮತ್ತೆ ಕೆದಕಿತು. ಕಟ್ಟಿ ಹಾಕಿದರೆ ರಾತ್ರಿ ಕಾಡುಹಂದಿಗೆ ಹೇಳುವವರು ಕೇಳುವವರು ಇಲ್ಲ! ಕೊಡಗಿನಲ್ಲಿ ನಾಯಿ ಬಿಡದೆ ತೋಟ ಕಾಯುವುದು ಹೇಗೆ, ನೀವೇ ಹೇಳಿ. ಪಕ್ಕದ ಮನೆಯ ನಾಯಿಯೂ ನಮ್ಮ ತೋಟಕ್ಕೇ ಬರುತ್ತದೆ, ಅದಕ್ಕೇನಾದರೂ ಆದರೆ ಮುಖ ತೋರಿಸುವುದು ಕಷ್ಟ.

ಬೇವಿನ ಹಿಂಡಿ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಬೇರಿನ ಜಂತುಹುಳ ಬಿದ್ದು ಬಳ್ಳಿ ನಿಧಾನವಾಗಿ ಹಳದಿಯಾಗುವ ರೋಗಕ್ಕೆ ಬಳ್ಳಿಗೆ 1 ಕೆಜಿ ಹಾಕಿ ಅನ್ನುತ್ತಾರೆ. ಆದರೆ ರೇಟು ಜಾಸ್ತಿ. ಕಲಬೆರಕೆಯೂ ಇದೆ, ಒಂದು ಸಲ ಬಂದ ಮೂಟೆಯಲ್ಲಿ ಅರ್ಧ ಮಣ್ಣೇ ಇದ್ದ ಹಾಗಿತ್ತು.

ಹೊಂಗೆಯಲ್ಲೂ ಸಾರಜನಕ ಹೆಚ್ಚುಕಮ್ಮಿ ಹರಳಿನಷ್ಟೇ. ಅದರಲ್ಲಿರುವ ಕರಂಜಿನ್ ಅನ್ನುವ ಅಂಶ ಸಾರಜನಕ ಬೇಗ ನೈಟ್ರೇಟ್ (ನೀರಲ್ಲಿ ಸುಲಭವಾಗಿ ಕೊಚ್ಚಿ ಹೋಗುವ ರೂಪ) ಆಗದಂತೆ ತಡೆಯುತ್ತದೆ, ನಮ್ಮ ಜುಲೈ ಮಳೆಗೆ ತೊಳೆದು ಹೋಗುವುದು ಕಡಿಮೆ. ಕಹಿ, ನಾಯಿ ಮೂಸಿ ಹೋಗುತ್ತದೆ ಅಷ್ಟೇ.

ಹಸಿ ಹಿಂಡಿಯನ್ನು ಮಾತ್ರ ನೇರ ಬೇರಿಗೆ ಹಾಕುವುದಿಲ್ಲ ನಾನು. ಸ್ಪೇನಿನಲ್ಲಿ ಆಲಿವ್ ಎಣ್ಣೆ ತೆಗೆದು ಉಳಿದ ಒದ್ದೆ ಚರಟವನ್ನೂ ಆಲಿವ್ ಎಲೆ, ಕಡ್ಡಿ, ಕುರಿಗೊಬ್ಬರ ಸೇರಿಸಿ ತಿಂಗಳುಗಟ್ಟಲೆ ಕೊಳೆಸುತ್ತಾರೆ, ಯಾಕೆಂದರೆ ಅದರಲ್ಲಿರುವ ಫಿನಾಲ್ ಅನ್ನುವ ರಾಸಾಯನಿಕಗಳು ಎಳೆ ಬೇರಿಗೆ ಆಗುವುದಿಲ್ಲ. ಆಮೇಲೇ ಅದೇ ತೋಟಕ್ಕೆ ಹಾಕುತ್ತಾರೆ. ನಮ್ಮದಕ್ಕೆ ಅಷ್ಟು ದಿನ ಬೇಡ. ಸಗಣಿ ಗೊಬ್ಬರ, ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ಅಡಗಿಸುವ ಒಳ್ಳೆಯ ಶಿಲೀಂಧ್ರ) ಕಲಸಿ ನೆರಳಲ್ಲಿ ಒದ್ದೆ ಗೋಣಿ ಮುಚ್ಚಿಟ್ಟರೆ ಸಾಕು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸುರಿದ ಬುಡಕ್ಕೆ ಮಾತ್ರ ತಕ್ಷಣ ಹಾಕಬೇಡಿ, ತಾಮ್ರಕ್ಕೆ ಟ್ರೈಕೋಡರ್ಮ ಸಾಯುತ್ತದೆ.

ಬಳ್ಳಿ ಹಳದಿಯಾಗುತ್ತಿದ್ದರೆ ದುಡ್ಡು ನೋಡದೆ ಬೇವು ಹಾಕಿ. ಸುತ್ತ ಗಟ್ಟಿ ಬೇಲಿ ಇದ್ದು, ನಾಯಿ ಇಲ್ಲದಿದ್ದರೆ ಹರಳೂ ಆದೀತು. ನಮ್ಮ ಮನೆಯಲ್ಲಿ ಎರಡು ನಾಯಿ, ಬೇಲಿ ಅರ್ಧ. ಈ ಮಳೆಗೂ ಹೊಂಗೆಗೇ ಅಡ್ವಾನ್ಸ್ ಕೊಟ್ಟಿದ್ದೇನೆ.